ಕಾರ್ಡಿಗೆ ಒದ್ದೆ ಗೋಣಿ

ಹುಣಸೇಮರಕ್ಕೆ ಎಲೆ ಸಾಲ್ದು ಅಂತ ಮುನಿತಾಯಮ್ಮ ಬಾಯಿ ಬುಡದೇ ಇದ್ದಿದ್ರೆ ಜಯಕುಮಾರನ ಕಂಪ್ಯೂಟರು ಇನ್ನೊಸಿ ದಿನ ಬಾಳ್ತಿತ್ತು.

ಮರ ಅಂದ್ರೆ ನಿಜವಾದ ಮರ ಅಲ್ಲ. ಅದು ಯಾವತ್ತೋ ಹೋಯ್ತು. ಬೈರಮಂಗಲದತ್ರ ಜಯಕುಮಾರನೋರ್ದು ಎರಡೆಕರೆ, ಅದರಲ್ಲಿ ಹಿಪ್ಪುನೇರಳೆ ಸೊಪ್ಪು, ಒಸಿ ರಾಗಿ, ರೇಷ್ಮೆ ಹುಳ ಸಾಕೋ ಮನೆ, ಬಾವಿ, ಈ ಹುಣಸೇಮರ. ಎಲ್ಲಾ ಸೇರ್ಸಿ ಬಣ್ಣದ ಫ್ಯಾಕ್ಟರಿಗೆ ಹೋಯ್ತು. ಅಕ್ಕಪಕ್ಕದೋರ್ದೂ ಹೋಯ್ತು. ಎಲ್ಲಾ ಬಂದು ರಾಮನಗರದಲ್ಲಿ ಒಂದೇ ವಠಾರದಲ್ಲಿ ಸೇರ್ಕೊಂಡ್ರು. ಜಯಕುಮಾರನಿಗೆ ಅದೇ ಫ್ಯಾಕ್ಟರೀಲಿ ಬಣ್ಣದ ಡಬ್ಬಕ್ಕೆ ಮುಚ್ಚಳ ಹಾಕೋ ಕೆಲಸ. ಅವನು ದಿನಾ ನಿಂತ್ಕಳ್ಳೋದು ಅವರ ಬಾವಿ ಇದ್ದ ಜಾಗದ ಮೇಲೇ.

ಅವನವ್ವ ಬೈರಮ್ಮ ಯುಗಾದಿ ಆದಾಗಿಂದ ಸರಿಯಾಗಿ ಉಣ್ತಿರ್ಲಿಲ್ಲ. ಮುದ್ದೆ ಮುಂದಿಟ್ರೆ ಬೆರಳಲ್ಲಿ ತಡವಿ ಹಂಗೇ ಬುಟ್ಬುಡೋಳು. "ಒಂದ್ಸಲ ನಮ್ಮೊಲಕ್ಕೆ ಕರ್ಕೊಂಡೋಗ್ಲಾ ಮಗ. ಆಮೇಕೆ ಉಣ್ತೀನಿ."

"ಗೇಟಲ್ಲಿ ಬುಡಲ್ಲ ಕಣವ್ವ."

"ನನ್ನೊಲಕ್ಕೆ ನನ್ನ ಬುಡಲ್ಲ ಅನ್ನಕ್ಕೆ ಅವನ್ಯಾವನ್ಲಾ?"

ಜಯಕುಮಾರನಿಗೆ ಕಂಪ್ಯೂಟರಲ್ಲಿ ಬಂದೂಕಿನ ಆಟ ಆಡೋ ಚಟ. ಆ ಆಟದಲ್ಲಿ ಯುದ್ಧ ಮಾಡೋ ಜಾಗನ ನಾವೇ ಕಟ್ಟಬೋದು. ಮೂರು ತಿಂಗಳು ಕೂತು ಅದರೊಳಗೆ ಅವರ ಹೊಲನೇ ಕಟ್ಟಿದ. ಅವ್ವನ್ನ ಕೂರ್ಸಿ ಒಂದು ಸುತ್ತು ತೋರ್ಸಿಬುಡಣ, ಒಂದು ತುತ್ತು ಉಣ್ಣಲಿ ಅಂತ. ಆ ಭಾನುವಾರನೇ ಮುಹೂರ್ತ. ಐದು ಗಂಟೆಗೆ ಕರೆಂಟು ಹೋಗ್ತದೆ, ಅಷ್ಟರಲ್ಲಿ ಆಗ್ಬೇಕು.

ಅವ್ವನಿಗೆ ತೋರ್ಸಕ್ಕೆ ಮುಂಚೆ ಸರಿಯಾಗೈತಾ ನೋಡಿ ಅಂತ ವಠಾರದೋರ್ನ ಕರೆದಿದ್ದೇ ತಪ್ಪಾಯ್ತು.

"ಇದೇನ್ಲಾ ಮರ, ತಲೆ ಬೋಳಿಸ್ಕೊಂಡು ಬಂದಂಗೈತೆ" ಅಂದ್ಲು ಮುನಿತಾಯಮ್ಮ. "ಎಲೆ ಹಾಕು."

ಎಲೆ ಹಾಕ್ದ. ಕುರಿ ಮೇಯಿಸ್ತಿದ್ದ ಬೀರಯ್ಯ ಬಂದು, "ನನ್ ಕುರಿ ಎಲ್ಲೋ? ರಾಗಿ ಕೊಯ್ಲಾದ್ಮೇಲೆ ನಿಮ್ಮೊಲದಲ್ಲೇ ಅಲ್ವಾ ಮಂದೆ ಬುಡ್ತಿದ್ದದ್ದು" ಅಂದ.

"ಇದರಲ್ಲಿ ಕುರಿ ಇಲ್ಲ ಬೀರಣ್ಣ. ನಾಯಿ ಐತೆ."

"ಬಿಳೀ ನಾಯಿ ಬುಡು. ಬಗ್ಗಿ ನಡದ್ರೆ ಕುರಿನೇ."

ನಲವತ್ತು ಬಿಳೀ ನಾಯಿ ಬುಟ್ಟ. ಆಮೇಲೆ ಪಕ್ಕದೊಲದ ಕೆಂಪರಾಜು ಬಂದ. ಈ ಕೆಂಪರಾಜುಗೂ ಬೈರಮ್ಮನಿಗೂ ಬದುವಿನ ಜಗಳ ಹದಿನೆಂಟು ವರ್ಷದ್ದು. ಕನ್ನಡಕ ಒರೆಸ್ಕೊಂಡು ಪರದೆಗೆ ಮೂಗು ತಗುಲಿಸಿ ನೋಡ್ದ.

"ಲೇ ಜಯಕುಮಾರ, ಬದು ನಮ್ ಕಡೀಕೆ ಎರಡಡಿ ಬಂದೈತೆ."

"ಕೆಂಪರಾಜಣ್ಣ, ಹೊಲನೇ ಇಲ್ವಲ್ಲ."

"ಇಲ್ದೇ ಇದ್ರೆ ಒತ್ತುವರಿ ಮಾಡಬೋದಾ? ಸರಿಸು. ಅದಿರ್ಲಿ, ಅಮ್ಮನ್ನ ಹೊಲಕ್ಕೆ ಕರ್ಕೊಂಡೋಗೋನು ಕೈಲಿ ಕೋವಿ ಯಾಕ್ಲಾ ಹಿಡ್ಕೊಂಡಿದ್ದೀಯ?"

"ಅದು ಆಟದ್ದು ಕಣಣ್ಣ, ತೆಗೆಯಕ್ಕಾಗಲ್ಲ. ಹಂದಿ ಕಾಟ ಅಂದ್ಕಳಿ."

ಎಲೆ ಜಾಸ್ತಿಯಾಯ್ತು, ನಾಯಿ ಜಾಸ್ತಿಯಾಯ್ತು, ಹೊಸಾ ಬದು ಬಂತು. ಈಗ ಒಂದು ಹೆಜ್ಜೆ ಇಟ್ರೆ ಚಿತ್ರ, ತುಂಬು ಗಬ್ಬದ ಎಮ್ಮೆ ಎದ್ದಂಗೆ ನಿಧಾನಕ್ಕೆ ಏಳ್ತಿತ್ತು. ಕಂಪ್ಯೂಟರ್ ರಿಪೇರಿ ಗೌಸ್‌ಗೆ ಫೋನ್ ಮಾಡ್ದ.

"ಗ್ರಾಫಿಕ್ಸ್ ಕಾರ್ಡಿಗೆ ಓವರ್‌ಕ್ಲಾಕ್ ಮಾಡಿ ಜಯಣ್ಣ" ಅಂದ ಗೌಸ್. "ಪರದೆ ಮೇಲೆ ಒಂದು ಗೀಟು ಬತ್ತದೆ, ಬಲಕ್ಕೆ ಎಳೀರಿ. ಚಿತ್ರ ಬಿಡಿಸೋ ಕಾರ್ಡು, ಕಂಪನಿಯೋರು ಹೇಳಿದ್ದಕ್ಕಿಂತ ಜೋರಾಗಿ ದುಡೀತದೆ. ಆದ್ರೆ ಕಾವು ಏರ್ತದೆ. ಕಾವು ತಡೀನಿಲ್ಲಾಂದ್ರೆ ಕಾರ್ಡು ಖಲಾಸ್."

ಕಾವು ಅಂದ ತಕ್ಷಣ ಜಯಕುಮಾರನಿಗೆ ಧೈರ್ಯ ಬಂತು. ಹುಳದ ಮನೇಲಿ ಬೆಳೆದೋನು, ಕಾವು ನೋಡ್ಕಳ್ಳೋದು ಇವನಿಗೆ ಹೇಳ್ಕೊಡ್ಬೇಕಾ? ಅಟ್ಟದ ಮೇಲಿದ್ದ ಹುಳದ ಮನೆ ಥರ್ಮಾಮೀಟರ್ ಇಳಿಸಿ, ಕಂಪ್ಯೂಟರ್ ಡಬ್ಬದ ಪಕ್ಕದ ತಗಡು ಬಿಚ್ಚಿ, ಒಳಕ್ಕೆ ನೇತಾಕ್ದ. ಗೀಟು ಎಳೆದ. ಹೊಲ ಸರಾಗವಾಗಿ ಓಡ್ತು. ಎಲೆ ಅಲ್ಲಾಡ್ತು. ನಾಯಿಗಳು ಬಗ್ಗಿ ಮೇದ್ವು. ಬೀರಯ್ಯ ಮೂಗು ಸೀಟ್ಕೊಂಡು, "ಆ ಕುಂಟ ಟಗರು ಕಾಣಿಸ್ತಿಲ್ಲ" ಅಂದ.

ಮುನಿತಾಯಮ್ಮ ಬೈರಮ್ಮನ ಕೈ ಹಿಡ್ಕೊಂಡು ಕರ್ಕೊಂಡ್ಬಂದ್ಲು. ಬೈರಮ್ಮ ಗೋಡೆ ಸವರ್ಕೊಂಡು ಬಂದು ಕುರ್ಚಿ ಮೇಲೆ ಕೂತ್ಲು. ಅಷ್ಟೊತ್ತಿಗೆ ಥರ್ಮಾಮೀಟರು ಐವತ್ತಕ್ಕೆ ಏರಿತ್ತು.

"ಅಯ್ಯಯ್ಯೋ, ಇಪ್ಪತ್ತೈದು ದಾಟುದ್ರೆ ಹುಳ ಉಳೀತಾವಾ?" ಅಂತ ಮುನಿತಾಯಮ್ಮ, ಹುಳದ ಮನೇಲಿ ಬೇಸಿಗೇಲಿ ಮಾಡ್ತಿದ್ದ ಹಂಗೇ ಒಂದು ಗೋಣಿಚೀಲ ನೀರಲ್ಲದ್ದಿ ಡಬ್ಬದ ಮೇಲೆ ಹೊದಿಸಿಬುಟ್ಲು.

"ಅಕ್ಕಾ, ಬ್ಯಾಡ" ಅನ್ನೋದ್ರಲ್ಲಿ ಚುರ್ ಅಂತು. ಒಂದೆಳೆ ಹೊಗೆ ಎದ್ದು ಪರದೆ ಕಪ್ಪಾಯ್ತು. ಡಬ್ಬದೊಳಗಿನ ಫ್ಯಾನು ಮಾತ್ರ ಗುಯ್ ಅಂತ ತಿರುಗ್ತಿತ್ತು.

ಜಯಕುಮಾರ ತಲೆ ಮೇಲೆ ಕೈ ಹೊತ್ತು ನೆಲಕ್ಕೆ ಕೂತ. ಮೂರು ತಿಂಗಳ ಕೆಲಸ, ಒಂದು ನಿಮಿಷನೂ ತೋರ್ಸಕ್ಕಾಗ್ನಿಲ್ಲ.

ಅವಾಗ ಬೈರಮ್ಮ ಬಾಯಿ ಬುಟ್ಲು. "ಲೇ ಮಗ, ಹುಳದ ಮನೆಗೇ ಕರ್ಕೊಂಡ್ಬಂದಿದ್ದೀಯಲ್ಲೋ."

ಒದ್ದೆ ಗೋಣಿ ಕಾವಿಗೆ ಹಬೆಯಾಡ್ತಿತ್ತು. ಅದರ ವಾಸನೆ ರೂಮೆಲ್ಲಾ ತುಂಬಿತ್ತು.

"ಬದು ಮೇಲೆ ಯಾರೋ ಕಸ ಸುಡ್ತಾವ್ರೆ" ಅಂದ್ಲು, ಸುಟ್ಟೋದ ಕಾರ್ಡಿನ ಕಡೆ ಮೂಗು ತಿರುಗಿಸಿ. "ಅಗೋ ನಮ್ ಹುಣಸೇಮರ. ಎಷ್ಟ್ ಚೆಂದಾಗಿ ಚಿಗುರೈತೆ." ಕಪ್ಪು ಪರದೆ ನೋಡ್ತಾ ನಗ್ತಾವ್ಳೆ.

ಜಯಕುಮಾರ ಅವಳ ಮುಖದ ಮುಂದೆ ಕೈಯಾಡಿಸ್ದ. ಕಣ್ಣು ಮಿಟುಕ್ನಿಲ್ಲ.

ಮುನಿತಾಯಮ್ಮ ಸೆರಗು ಬಾಯಿಗಿಟ್ಕೊಂಡು ಪಿಸುಗುಟ್ಟಿದ್ಲು. "ದೀಪಾವಳಿಯಿಂದ ಒಸಿನೂ ಕಾಣಲ್ಲ ಕಣಪ್ಪ. ಹೇಳುದ್ರೆ ನೀನು ಕೆಲಸಕ್ಕೆ ಹೋಗಲ್ಲ ಅಂತ ನನ್ ಕೈಲಿ ಆಣೆ ಹಾಕಿಸ್ಕೊಂಡವ್ಳೆ. ನಿನ್ ಆಟ ಅವಳು ಹೆಂಗ್ ನೋಡಾಳು ಅಂತ ನಂಗೇ ಯೋಚ್ನೆ ಇತ್ತು."

ಅವ್ವ ತೋರ್ಸು ಅಂತ ಒಂದು ದಿನನೂ ಅಂದಿರ್ಲಿಲ್ಲ. ಕರ್ಕೊಂಡೋಗು ಅಂತಿದ್ಲು.

"ಕೆಂಪರಾಜು ಅವ್ನಾ?" ಅಂದ್ಲು ಬೈರಮ್ಮ. "ಬದು ನೋಡ್ಕಳಪ್ಪ. ಸರಿಯಾಗೈತೆ ತಾನೆ?"

ಕೆಂಪರಾಜು ಆ ಕಪ್ಪು ಪರದೆಗೆ ಮತ್ತೆ ಮೂಗು ತಗುಲಿಸಿ ನೋಡ್ದ. ಕನ್ನಡಕ ತೆಗೆದು ಜೇಬಿಗೆ ಹಾಕ್ಕೊಂಡ.

"ಸರಿಯಾಗೈತೆ ಕಣಕ್ಕ. ನಂದೇ ತಪ್ಪು."

ಐದಕ್ಕೆ ಕರೆಂಟು ಹೋಯ್ತು. ಫ್ಯಾನು ನಿಂತ್ಕೊಂಡ್ತು. "ಸಂಜೆಯಾಯ್ತು, ಮನೆಗೆ ಹೋಗಣ" ಅಂತ ಬೈರಮ್ಮ ಎದ್ಲು. ಅವತ್ತು ಒಂದು ಮುದ್ದೆ ಪೂರ್ತಿ ಉಂಡ್ಲು. ಕೈ ತೊಳ್ಕೊಂಡು, "ಬರೋ ಭಾನುವಾರ ಬಾವಿ ಕಡೀಕೂ ಹೋಗಣ ಮಗ" ಅಂದ್ಲು.

ಮಾರನೇ ದಿನ ಗೌಸ್ ಡಬ್ಬ ಬಗ್ಗಿ ನೋಡಿ, ಕಾರ್ಡು ಖಲಾಸ್, ಹೊಸದು ತರಿಸ್ಲಾ ಅಂತ ಕೇಳ್ದ.

"ಬ್ಯಾಡ" ಅಂದ ಜಯಕುಮಾರ. "ಫ್ಯಾನು ತಿರುಗಿ ವಾಸನೆ ಹರಡುದ್ರೆ ಸಾಕು. ಬಾವಿ ನೀರಿಗೆ ಎಂಥ ವಾಸನೆ ಇರ್ತಿತ್ತು ಗೌಸು? ನನಗೆ ನೆಪ್ಪೇ ಬರ್ತಿಲ್ಲ."