ಗುಲಾಬಿ ಟಿಕೆಟ್ ಮತ್ತು ಅಮ್ಮನ ಮಂಡಿನೋವು

೨೦೧೯ರ ಅಕ್ಟೋಬರ್ ೨೯ರಂದು ದೆಹಲಿಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾಯಿತು. ಆ ಸುದ್ದಿಯನ್ನು ನಮ್ಮ ಕನ್ನಡ ಪತ್ರಿಕೆಗೆ ಕಳಿಸಿದವನು ನಾನೇ. ಮಹಿಳೆಯರ ಓಡಾಟ ಇದರಿಂದ ಹೆಚ್ಚಬಹುದು ಎಂಬ ಸಾಲನ್ನೂ ಸೇರಿಸಿದ್ದೆ. ಆ ಮಹಿಳೆಯರಲ್ಲಿ ನಮ್ಮಮ್ಮನೂ ಒಬ್ಬಳೆಂದು ಹೊಳೆದಿರಲಿಲ್ಲ.

ಅಮ್ಮನಿಗೆ ಮಂಡಿನೋವು. ಮಯೂರ್ ವಿಹಾರದ ನಮ್ಮ ಮನೆಗೆ ಬಂದಾಗಿನಿಂದಲೂ ಇತ್ತು. ಅವಳ ಏಕೈಕ ಗೆಳತಿ ಶಾರದಕ್ಕ ಉಡುಪಿ ಕಡೆಯವರು. ಓಲ್ಡ್ ರಾಜಿಂದರ್ ನಗರದಲ್ಲಿ ಅವರದೊಂದು ಇಡ್ಲಿ ಹೋಟೆಲು. ಐಎಎಸ್‌ಗೆ ಓದಲು ಬಂದ ಕನ್ನಡದ ಮಕ್ಕಳಿಗೆಲ್ಲ ತಿಂಡಿ ಅಲ್ಲೇ. "ಕಾರಲ್ಲಿ ಬಿಟ್ಟು ಬರಲಾ?" ಎಂದು ಭಾನುವಾರ ಕೇಳಿದರೆ, "ಬೇಡ ಕಣೋ, ಮಂಡಿ ಹಿಡ್ಕೊಂಡಿದೆ" ಎನ್ನುತ್ತಿದ್ದಳು. ಹಾಗೆ ಕೇಳುವಾಗ ನಾನು ಸೋಫಾದ ಮೇಲೆ ಮಲಗಿರುತ್ತಿದ್ದೆ ಎಂಬುದೂ ದಾಖಲಾಗಲಿ. ಡಾಕ್ಟರಿಗೆ ತೋರಿಸಿದೆ, ಊರಿನಿಂದ ಎಣ್ಣೆ ತರಿಸಿದೆ. ಯಾವುದೂ ನಾಟಲಿಲ್ಲ.

ನಾಟಿದ್ದು ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ ಕೊಡುವ ಗುಲಾಬಿ ಟಿಕೆಟ್. ಮೊದಲನೆಯದನ್ನು ಅಮ್ಮ ದೇವರ ಮುಂದಿಟ್ಟು ಕೈ ಮುಗಿದಳು. ಆಮೇಲೆ ಪ್ರತಿ ಭಾನುವಾರ ಚೀಲದಲ್ಲಿ ಸಾರಿನಪುಡಿ ಹಾಕಿಕೊಂಡು ಹೊರಟಳು.

"ಬಸ್ಸಲ್ಲಿ ಯಾಕಮ್ಮ, ನಾನಿಲ್ವಾ?"

"ನೀನಿದ್ದೀಯಪ್ಪ. ಆದ್ರೆ ನಿನ್ನನ್ನ ಎಬ್ಬಿಸಬೇಕು. ಶಾರದಕ್ಕ ಕಾಫಿಗೆ ಇಡೋದ್ರೊಳಗೆ 'ಚಲೋ, ಹೊರಡೋಣ್ವಾ' ಅಂತೀಯ."

"ಮೊದಲೇ ಬಸ್ಸಲ್ಲಿ ಹೋಗಬಹುದಿತ್ತಲ್ಲ. ದುಡ್ಡು ಕೇಳಿದ್ರೆ ಕೊಡ್ತಿರಲಿಲ್ವಾ?"

"ಕೊಡ್ತಿದ್ದೆ. ನಿಮ್ಮಪ್ಪನೂ ಕೊಡ್ತಿದ್ರು. ಕೇಳಬೇಕಿತ್ತಲ್ಲ."

ಪತ್ರಿಕಾಗೋಷ್ಠಿಯಲ್ಲಿ ಮಂತ್ರಿಗಳಿಗೂ ಮರುಪ್ರಶ್ನೆ ಹಾಕುವವನು ನಾನು. ಅವತ್ತು ಸಾರಿನಪುಡಿಯ ಚೀಲವನ್ನು ಬಾಗಿಲ ತನಕ ಹೊತ್ತುಕೊಟ್ಟೆ.

ಕಳೆದ ವಾರ ಕಾರು ಗ್ಯಾರೇಜಿನಲ್ಲಿತ್ತು. ನಾನೂ ಅವಳ ಜೊತೆ ಬಸ್ಸು ಹತ್ತಿದೆ. ಕಂಡಕ್ಟರ್ ಅಮ್ಮನನ್ನು ಕಂಡು, "ಮಾತಾಜಿ, ಆಜ್ ಅಕೇಲಿ ನಹೀ?" ಎಂದ, ಇವತ್ತು ಒಬ್ಬರೇ ಅಲ್ವಾ ಅಂತ. ಅಮ್ಮ ನನ್ನನ್ನು ತೋರಿಸಿ, "ಬೇಟಾ ಹೈ, ಭಯ್ಯಾ. ಇಸ್‌ಕೋ ರಾಸ್ತಾ ನಹೀ ಮಾಲೂಮ್" ಎಂದಳು. ಮಗನಿಗೆ ದಾರಿ ಗೊತ್ತಿಲ್ಲವಂತೆ. ಅವಳಿಗೆ ಗುಲಾಬಿ ಟಿಕೆಟ್ ಬಂತು, ನಾನು ದುಡ್ಡು ಕೊಟ್ಟೆ. ಖಾಲಿಯಿದ್ದದ್ದು ಹೆಂಗಸರ ಸೀಟು ಮಾತ್ರ. ದಾರಿಯುದ್ದಕ್ಕೂ ಕಂಬಿ ಹಿಡಿದು ನಿಂತೆ. ಅಮ್ಮ ನನ್ನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಸ್ಟಾಪ್ ಬಂದಾಗಲೆಲ್ಲ ಅದರ ಹೆಸರು ಹೇಳುತ್ತ ಬಂದಳು. ಚಿಕ್ಕಂದಿನಲ್ಲಿ ಅಂಗಡಿ ಬೋರ್ಡುಗಳನ್ನು ನನಗೆ ಓದಿಸುತ್ತಿದ್ದ ಹಾಗೆ.

ಇವತ್ತು ಕಾರು ಮನೆಮುಂದೆಯೇ ಇತ್ತು. "ಬಸ್ಸಲ್ಲೇ ನಾನೂ ಬರ್ತೀನಮ್ಮ" ಎಂದೆ.

"ಬೇಡ ಕಣೋ. ನಿಂತೂ ನಿಂತೂ ನಿನ್ನ ಮಂಡಿ ನೋಯುತ್ತೆ" ಎಂದು ಚಪ್ಪಲಿ ಮೆಟ್ಟಿದಳು.

ಸಂಜೆಯಾಗಿದೆ. ಅನ್ನಕ್ಕಿಟ್ಟಿದ್ದೇನೆ. ಕೊನೆಯ ವರದಿ ಬಂದಾಗ ಅಮ್ಮ ಇನ್ನೂ ಶಾರದಕ್ಕನ ಹೋಟೆಲಿನಲ್ಲೇ ಇದ್ದಳು.