ಕಾವಲಿನ ಪೊಟ್ಟಣ

ಗೆಣಸಿನ ಸೊಪ್ಪಿನ ದಂಟಿನಿಂದ ನಾರು ಬಿಡಿಸುತ್ತ ಸುಚಿಂಗ್ ಅರ್ಧ ಕಟ್ಟು ಮುಗಿಸಿದ್ದಳು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು, ಮನಸ್ಸೆಲ್ಲ ಕಿವಿಯಲ್ಲಿತ್ತು. ಅವಳು ಹುಡುಗಿಯಾಗಿದ್ದಾಗ ರೇಡಿಯೋದಲ್ಲಿ ಬರುತ್ತಿದ್ದ ಹಾಡು ಅದು. ಆಗ ಹಾಡಿಗಿಂತ ಗೊರಗೊರ ಸದ್ದೇ ಜಾಸ್ತಿ. ಈಗ ಎರಡನೇ ಚರಣಕ್ಕೆ ಮೊದಲು ಹಾಡುವವಳು ಸಣ್ಣಗೆ ಉಸಿರೆಳೆದುಕೊಳ್ಳುವುದೂ ಕೇಳಿಸುತ್ತಿತ್ತು. ನಲವತ್ತು ವರ್ಷದಿಂದ ಆ ಹಾಡು ಗೊತ್ತು, ಆ ಉಸಿರು ಮಾತ್ರ ಗೊತ್ತಿರಲಿಲ್ಲ.

ಉಸಿರು ಸಿಕ್ಕಿದ್ದು ಫೋನಿನ ಚಾರ್ಜಿಂಗ್ ತೂತಿಗೆ ಸಿಕ್ಕಿಸಿದ್ದ ಹೆಬ್ಬೆರಳುದ್ದದ ಲೋಹದ ಡಬ್ಬಿಯಿಂದ. ಫೋನಿನೊಳಗೆ ಹಾಡು ಬರೀ ಅಂಕಿಗಳಾಗಿರುತ್ತದಂತೆ. ಅದನ್ನು ಸದ್ದಾಗಿ ಮಾಡುವ ಕೆಲಸವನ್ನು ಫೋನೇ ಮಾಡಿದರೆ ಮದುವೆಮನೆಯ ಪಾತ್ರೆ ತೊಳೆದ ಹಾಗೆ. ತೊಳೆದದ್ದು ನಿಜ, ಜಿಡ್ಡು ಹೋಗಿರುವುದಿಲ್ಲ. ಈ ಡಬ್ಬಿಗಾದರೆ ಅದೊಂದೇ ಕೆಲಸ, ಬೇರೆ ಯೋಚನೆಯಿಲ್ಲ.

ಡಬ್ಬಿ ಗಂಡ ವಾನ್‌ಲಾಯ್‌ನದು. ಒಳ್ಳೆಯ ಸದ್ದಿನ ಹುಚ್ಚು ಹಿಡಿದವರನ್ನು ಅವರಿದ್ದ ಬಂದರಿನ ಊರು ಕಾವ್‌ಶುಂಗ್‌ನಲ್ಲಿ ಜ್ವರ ಹತ್ತಿದವರು ಎನ್ನುತ್ತಾರೆ. ಹಡಗು ಕಟ್ಟುವ ಕಾರ್ಖಾನೆಯಿಂದ ನಿವೃತ್ತನಾದ ತಿಂಗಳೇ ವಾನ್‌ಲಾಯ್‌ಗೆ ಜ್ವರ ಹತ್ತಿತು, ಇನ್ನೂ ಇಳಿದಿಲ್ಲ. ಕಪಾಟಿನಲ್ಲಿ ಇಂಥ ಐದು ಡಬ್ಬಿಗಳಿದ್ದವು. ಅವುಗಳಲ್ಲಿ ಇದು ಪಟ್ಟದ ರಾಣಿ. "ಇದನ್ನ ಮಾತ್ರ ಮುಟ್ಟಬೇಡ ಮಾರಾಯ್ತಿ. ಮುಟ್ಟಿದ್ದು ಗೊತ್ತಾದ್ರೆ ಬೀಗ ಹಾಕಿಬಿಡ್ತೀನಿ" ಎಂದು ತಂದ ದಿನವೇ ಹೇಳಿದ್ದ.

ದಿನಾ ಹತ್ತರಿಂದ ಹನ್ನೊಂದರವರೆಗೆ ಅವನು ಬಂದರಿನ ಕಡೆ ನಡೆಯಲು ಹೋಗುತ್ತಿದ್ದ. ಆ ಒಂದು ಗಂಟೆ ಡಬ್ಬಿ ಸುಚಿಂಗಳದು. ಅಕ್ಕಿ ಎಲ್ಲಿ, ಸಾಕ್ಸ್ ಎಲ್ಲಿ, ಏನು ಯೋಚನೆ ಮಾಡ್ತಿದೀಯ ಎಂದು ಯಾರೂ ಕೇಳದ ಗಂಟೆ. ಮದುವೆಯಾಗಿ ಮೂವತ್ತೆರಡು ವರ್ಷದಲ್ಲಿ ತನ್ನದೇ ಎಂದು ಅವಳಿಗೆ ಸಿಕ್ಕಿದ್ದ ಗಂಟೆ ಅದೊಂದೇ.

ಪಕ್ಕದಲ್ಲಿದ್ದ ತಿಂಡಿಯ ಪೊಟ್ಟಣಕ್ಕೆ ಮತ್ತೆ ಕೈ ಹಾಕಿದಳು. ಬೆರಳಿಗೆ ತಳ ಸಿಕ್ಕಿತು. ಆಗ ಪೊಟ್ಟಣದ ಕಡೆ ನೋಡಿದಳು. ಹಸಿರು.

ಕಿವಿಯಿಂದ ತಂತಿ ಕಿತ್ತು ಕಪಾಟಿನ ಕಡೆ ತಿರುಗಿದಳು. ಐದು ಡಬ್ಬಿಗಳ ಮುಂದೆ ದ್ವಾರಪಾಲಕನ ಹಾಗೆ ನಿಂತಿರಬೇಕಾದ ಹಸಿರು ಪೊಟ್ಟಣ ಅಲ್ಲಿರಲಿಲ್ಲ. ಡಬ್ಬಿ ತೆಗೆಯುವಾಗ ಅಡ್ಡ ಬಂತೆಂದು ಅದನ್ನು ಅವಳೇ ಮೇಜಿನ ಮೇಲಿಟ್ಟಿದ್ದಳು. ಆಮೇಲೆ ಹಾಡು ಶುರುವಾಗಿತ್ತು.

ಆ ಊರಲ್ಲಿ ಯಂತ್ರ ಇರುವ ಕಡೆಯೆಲ್ಲ ಈ ಪೊಟ್ಟಣ ಇರಲೇಬೇಕು. ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ರೈಲು ಟಿಕೆಟ್ ಕೊಡುವ ಪೆಟ್ಟಿಗೆಯ ನೆತ್ತಿಯ ಮೇಲೆ. ತೆಂಗಿನಕಾಯಿ ರುಚಿಯ ಜೋಳದ ತಿಂಡಿ ಅದು, ಮಕ್ಕಳು ತಿನ್ನುವಂಥದ್ದು. ಆದರೆ ಅದು ಎದುರಿಗಿದ್ದರೆ ಯಂತ್ರ ಹಟ ಮಾಡುವುದಿಲ್ಲ. ಬಣ್ಣ ಹಸಿರೇ ಆಗಬೇಕು. ಹಳದಿ ಇಟ್ಟರೆ ಯಂತ್ರ ಮುನಿಸಿಕೊಳ್ಳುತ್ತದೆ, ಕೆಂಪು ಇಟ್ಟರೆ ನಿಂತೇಬಿಡುತ್ತದೆ. ತಾರೀಖು ಮೀರಿರಬಾರದು. ಕಾವಲಿಗೆ ಇಟ್ಟದ್ದನ್ನು ತಿಂದವರ ಗತಿ ಏನು ಎಂದು ಯಾರೂ ಹೇಳಿರಲಿಲ್ಲ, ಏಕೆಂದರೆ ಯಾರೂ ತಿಂದಿರಲಿಲ್ಲ.

ಅದೂ ಭಾನುವಾರ. ಮೂರು ಗಂಟೆಗೆ ಜ್ವರದವರ ಕೂಟ. ವಾನ್‌ಲಾಯ್ ನಡಿಗೆ ಮುಗಿಸಿ, ಹಲ್ಲಿನ ಡಾಕ್ಟರ್ ಕೋ ಮನೆಯಿಂದ ದೊಡ್ಡ ಹೆಡ್‌ಫೋನ್ ಇಸಿದುಕೊಂಡು ಎರಡಕ್ಕೆ ಬರುವವನಿದ್ದ. ಪೊಟ್ಟಣ ಇಲ್ಲದ್ದು ಕಂಡರೆ ಕಪಾಟಿನ ಹತ್ತಿರ ಯಾರು ಕೂತಿದ್ದರು ಎನ್ನುವುದು ತಾನಾಗಿ ಬಯಲಾಗುತ್ತದೆ. ಆಮೇಲೆ ಬೀಗ.

ಸೊಪ್ಪನ್ನು ಹಾಗೇ ಬಿಟ್ಟು, ಚೀಲ ಹಿಡಿದು ಕೆಳಗಿನ ಅಂಗಡಿಗೆ ಇಳಿದಳು.

"ಹಸಿರು ಖಾಲಿ ಆಂಟಿ" ಎಂದಳು ಅಂಗಡಿಯ ಹುಡುಗಿ. "ನಾಳೆ ಕಾಲೇಜಲ್ಲಿ ಕಂಪ್ಯೂಟರ್ ಪರೀಕ್ಷೆಯಂತೆ. ಎರಡು ಪೆಟ್ಟಿಗೆ ಹೊತ್ಕೊಂಡು ಹೋದ್ರು. ಹಳದಿ ಕೊಡ್ಲಾ?"

"ಹಳದಿ ಇಟ್ಟು ಯಾರ ಶಾಪ ತಗೊಳ್ಲಿ."

ಇನ್ನೆರಡು ಅಂಗಡಿಗಳಲ್ಲೂ ಅದೇ ಕತೆ. ಸುಚಿಂಗ್ ಬೆವರುತ್ತ ವಾಪಸು ಬಂದು ಲಿಫ್ಟ್ ಹತ್ತಿದಳು. ಬಾಗಿಲು ಮುಚ್ಚಿತು. ಗುಂಡಿಗಳ ಮೇಲೆ, ಸರಿಯಾಗಿ ಅವಳ ಕಣ್ಣಿನ ಮಟ್ಟಕ್ಕೆ, ಟೇಪಿನಲ್ಲಿ ಅಂಟಿಸಿದ ಹಸಿರು ಪೊಟ್ಟಣ. ತಾರೀಖಿಗೆ ಇನ್ನೂ ನಾಲ್ಕು ತಿಂಗಳಿತ್ತು.

ಸುಚಿಂಗ್ ಜೀವನದಲ್ಲಿ ಯಾರದೂ ಒಂದು ಹುಲ್ಲುಕಡ್ಡಿ ಕದ್ದವಳಲ್ಲ. ಎರಡನೇ ಮಹಡಿಯವರೆಗೆ ಅದನ್ನೇ ಯೋಚಿಸಿದಳು. ನಾಲ್ಕನೆಯದು ದಾಟುವಾಗ ಟೇಪಿನ ತುದಿ ಎದ್ದಿತ್ತು. ಆರನೆಯದರಲ್ಲಿ ಬಾಗಿಲು ತೆರೆದಾಗ ಪೊಟ್ಟಣ ಚೀಲದಲ್ಲಿತ್ತು. ನಾಳೆ ಹೊಸದು ತಂದು ಅಂಟಿಸಿದರಾಯಿತು, ಲಿಫ್ಟಿಗೆ ಒಂದು ದಿನ ರಜಾ ಎಂದುಕೊಂಡಳು. ಅಂಟು ಉಜ್ಜಿ ತೆಗೆದು, ಡಬ್ಬಿಯನ್ನು ಅದರ ಜಾಗಕ್ಕೆ ಇಟ್ಟು, ಪೊಟ್ಟಣವನ್ನು ಕಾವಲಿಗೆ ನಿಲ್ಲಿಸಿದಳು. ಸೊಪ್ಪು ಬೆಳ್ಳುಳ್ಳಿ ಒಗ್ಗರಣೆ ಕಂಡಿತು, ಅನ್ನ ಆಯಿತು. ಎಲ್ಲ ನೆಟ್ಟಗಾಯಿತು ಎಂದು ಒಂದೂವರೆಯವರೆಗೆ ಅವಳಿಗೆ ನೆಮ್ಮದಿ.

ಒಂದೂವರೆಗೆ ಮೆಟ್ಟಿಲಿನ ಕಡೆಯಿಂದ ಮೇಮಾನಳ ದನಿ ಬಂತು. ನಾಲ್ಕನೇ ಮಹಡಿಯ ಮೇಮಾನ್ ಕಟ್ಟಡದ ಸಂಘದ ಅಧ್ಯಕ್ಷೆ. ಅವಳ ದನಿಗೆ ಯಾವ ಡಬ್ಬಿಯೂ ಬೇಡ.

"ಸುಚಿಂಗ್ ಅಕ್ಕಾ, ಬನ್ನಿ ಇಲ್ಲಿ. ನಿಮ್ಮ ಮನೆಗೆ ಬಂದ ಮೇಷ್ಟ್ರು ಲಿಫ್ಟಲ್ಲಿ ಸಿಕ್ಕೊಂಡಿದಾರೆ."

ಹುಂಗ್ ಮೇಷ್ಟ್ರು. ಕೂಟ ಮೂರಕ್ಕಾದರೂ ಊಟದ ಹೊತ್ತಿಗೇ ಬಂದುಬಿಡುವುದು ಅವರ ವಾಡಿಕೆ. ದೊಡ್ಡ ಮೈಯ ಮನುಷ್ಯ. ಲಿಫ್ಟಿನಲ್ಲಿ ಅವರಿದ್ದರೆ ಉಳಿದವರು ಮೆಟ್ಟಿಲು ಹತ್ತುತ್ತಿದ್ದರು.

ಸುಚಿಂಗ್ ನಾಲ್ಕನೇ ಮಹಡಿಗೆ ಓಡಿ ಇಳಿದಳು. ಮುಚ್ಚಿದ ಬಾಗಿಲ ಹಿಂದಿನಿಂದ ಮೇಷ್ಟ್ರ ಮಾತು ಬಾವಿಯಿಂದ ಬಂದ ಹಾಗೆ ಬರುತ್ತಿತ್ತು. "ತಂಗೀ, ನಾನು ಆರಾಮಾಗಿದೀನಿ. ಅನಾನಸ್ ಕೇಕ್ ತಂದಿದ್ದೆ. ಎರಡು ತಿಂದಾಯ್ತು."

"ನೀವು ಒರಗಿಕೊಂಡು ಕೂತಿರಿ ಮೇಷ್ಟ್ರೇ, ಮೆಕ್ಯಾನಿಕ್ ಬರ್ತಿದಾನೆ" ಎಂದಳು ಮೇಮಾನ್. ಆಮೇಲೆ ಸುಚಿಂಗಳ ಕಡೆ ತಿರುಗಿ ದನಿ ತಗ್ಗಿಸಿದಳು. ಅಂದರೆ ಎರಡು ಮಹಡಿಗೆ ಮಾತ್ರ ಕೇಳುವಷ್ಟು. "ಒಳಗಿನ ಹಸಿರು ಪೊಟ್ಟಣ ಇಲ್ವಂತೆ. ಮೇಷ್ಟ್ರೇ ನೋಡಿ ಹೇಳಿದ್ರು. ಬೆಳಿಗ್ಗೆ ಇತ್ತು. ಯಾರೋ ಎಗರಿಸಿದಾರೆ ಅಕ್ಕ. ತಗೊಂಡವರ ಮನೆ ಫ್ರಿಜ್ಜು ಹಾಳಾಗ್ಲಿ, ವಾಷಿಂಗ್ ಮೆಷಿನ್ ಹಾಳಾಗ್ಲಿ, ಟೀವೀಲಿ ಬರೀ ನ್ಯೂಸೇ ಬರ್ಲಿ."

ಫ್ರಿಜ್ಜಿನ ಮಾತಿಗೇ ಸುಚಿಂಗ್ ಎರಡು ಮೆಟ್ಟಿಲು ಹತ್ತಿಯಾಗಿತ್ತು. "ಹೌದಾ, ನಮ್ಮನೇಲಿ ಒಂದಿದೆ. ತರ್ತೀನಿ ತಾಳು" ಎಂದು ಮೇಲೆ ಓಡಿದಳು.

ಪೊಟ್ಟಣ ಕೈಗೆ ಬಂದದ್ದೇ ಮೇಮಾನ್ ಅದನ್ನು ತಿರುಗಿಸಿ ನೋಡಿದಳು. "ನಮ್ಮದರ ಹಾಗೇ ಇದೆ."

"ಅಂಗಡೀಲಿ ಎಲ್ಲಾ ಹಾಗೇ ಇರ್ತವೆ ಮೇಮಾನ್."

"ಅದೂ ಸರಿ. ನೀವು ಪುಣ್ಯಾತ್ಗಿತ್ತಿ ಕಣಕ್ಕ, ಮನೇಲಿದ್ದದ್ದು ತಂದ್ಕೊಟ್ರಿ." ಅವಳು ಪೊಟ್ಟಣವನ್ನು ಲಿಫ್ಟಿನ ಬಾಗಿಲ ಸಂದಿಗೆ ಸಿಕ್ಕಿಸಿ, ಎರಡು ಕೈ ಮುಗಿದು, ಕೂಗಿದಳು. "ಮೇಷ್ಟ್ರೇ, ಸ್ವಲ್ಪ ಎದ್ದು ನಿಂತ್ಕೊಳ್ಳಿ. ಹಸಿರು ಬಂತು."

ಮೇಷ್ಟ್ರು ಎದ್ದರು. ಲಿಫ್ಟ್ ಒಮ್ಮೆ ನರಳಿ, ಗುರ್ ಎಂದು ಮೇಲಕ್ಕೆ ಬಂದು ಬಾಗಿಲು ತೆರೆಯಿತು. ಇಷ್ಟು ಹೊತ್ತೂ ಅವರ ಬೆನ್ನು ನಿಲ್ಲಿಸುವ ಗುಂಡಿಯನ್ನು ಒತ್ತಿ ಹಿಡಿದಿತ್ತು ಎಂದು ಆಮೇಲೆ ಬಂದ ಮೆಕ್ಯಾನಿಕ್ ಹೇಳಿದ. ಅವನ ಮಾತನ್ನು ಕಟ್ಟಡದಲ್ಲಿ ಯಾರೂ ನಂಬಲಿಲ್ಲ.

ಮೇಷ್ಟ್ರಿಗೆ ಅಡುಗೆಮನೆಯಲ್ಲಿ ಅನ್ನ ಬಡಿಸಿ ಕೂರಿಸಿ, ಸುಚಿಂಗ್ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡಳು. ಹಜಾರದ ಕಪಾಟು ಮತ್ತೆ ಬೋಳು. ವಾನ್‌ಲಾಯ್ ಬರಲು ಹತ್ತು ನಿಮಿಷ. ಬೆಳಿಗ್ಗೆ ತಾನು ತಿಂದ ಪೊಟ್ಟಣವನ್ನು ಕಸದ ಬುಟ್ಟಿಯಿಂದ ಎತ್ತಿ ಕೊಡವಿದಳು. ಬಲೂನು ಊದುವ ಹಾಗೆ ಊದಿ, ಬಾಯಿ ಮಡಿಸಿ, ಇಸ್ತ್ರಿ ಪೆಟ್ಟಿಗೆಯ ತುದಿಯಿಂದ ಮೆಲ್ಲಗೆ ಒತ್ತಿದಳು. ಎರಡು ಸಲ ಸೋರಿತು, ಮೂರನೆಯ ಸಲ ನಿಂತಿತು. ಹೊರಗೆ ತಂದು ಕಪಾಟಿನಲ್ಲಿಟ್ಟು ನೋಡಿದರೆ ಅಸಲಿಗಿಂತ ಆರೋಗ್ಯವಾಗಿ ಕಾಣುತ್ತಿತ್ತು.

ಮೂರು ಗಂಟೆಗೆ ಕೂಟ ಸೇರಿತು. ವಾನ್‌ಲಾಯ್ ತನ್ನ ಫೋನಿಗೆ ಪಟ್ಟದ ಡಬ್ಬಿಯನ್ನು ಸಿಕ್ಕಿಸಿ, ಅದಕ್ಕೆ ದೊಡ್ಡ ಹೆಡ್‌ಫೋನಿನ ತಂತಿ ಕೊಟ್ಟ. ಒಬ್ಬರಾದ ಮೇಲೆ ಒಬ್ಬರು ಕೇಳುವುದು ಪದ್ಧತಿ. ಕಿವಿ ಮುಚ್ಚಿಕೊಂಡವರು ಮಾತಾಡುವುದು ಕಿರುಚಿದ ಹಾಗಿರುತ್ತದೆ, ಅದೂ ಪದ್ಧತಿ.

"ಆಹಾ" ಎಂದು ಮೇಷ್ಟ್ರು ಕಣ್ಣು ಮುಚ್ಚಿದರು. "ಎಡಗಡೆ ಪಿಟೀಲಿನವನು ಪುಟ ತಿರುವಿದ. ಕೇಳಿಸ್ತು."

ಡಾಕ್ಟರ್ ಕೋ ಹೆಡ್‌ಫೋನ್ ಇಸಿದುಕೊಂಡ. "ಹೌದು. ತಿರುವಿದ. ಒದ್ದೆ ಬೆರಳು."

ಟೀ ತಂದ ಸುಚಿಂಗಳ ಕಣ್ಣು ಡಬ್ಬಿಯ ಸಾಸಿವೆಯಷ್ಟು ದೀಪದ ಮೇಲೆ ಬಿತ್ತು. ನೀಲಿ. ಹಾಡು ಇದ್ದ ಹಾಗೆಯೇ ಬಂದರೆ ಆ ದೀಪ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಫೋನು ಮಧ್ಯೆ ಮೂಗು ತೂರಿಸಿ, ಎಲ್ಲ ಹಾಡನ್ನೂ ತನ್ನೊಂದೇ ಅಳತೆಗೆ ಕತ್ತರಿಸಿ ಕೊಟ್ಟರೆ ನೀಲಿ. ಕತ್ತರಿಸಬೇಡ ಎಂದು ಹೇಳುವ ಗುಂಡಿ ಹಾಡಿನ ಆ್ಯಪಿನೊಳಗೆ ಎಲ್ಲೋ ಅಡಗಿರುತ್ತದೆ. ತನ್ನ ಫೋನಿನಲ್ಲಿ ಅದನ್ನು ಹುಡುಕಲು ಅವಳಿಗೆ ಒಂಬತ್ತು ಬೆಳಗು ಹಿಡಿದಿತ್ತು. ಗಂಡಸರು ಮೂವರೂ ನೀಲಿ ದೀಪದ ಸುತ್ತ ಕೂತು, ಜಿಡ್ಡು ಪಾತ್ರೆಯ ಹೊಳಪನ್ನು ಹೊಗಳುತ್ತಿದ್ದರು. ಅವಳು ಟೀ ಇಟ್ಟು ಒಳಗೆ ಬಂದಳು. ನಗು ತಡೆಯಲು ಸೊಪ್ಪಿನ ಪಾತ್ರೆಯನ್ನು ಎರಡು ಸಲ ತೊಳೆದಳು.

ವಾನ್‌ಲಾಯ್ ಯಾವಾಗಲೂ ಕೊನೆಯಲ್ಲಿ ಕೇಳುತ್ತಿದ್ದ. ಮನೆಯವನು ಕೊನೆಗೆ ಉಣ್ಣಬೇಕು ಎನ್ನುತ್ತಿದ್ದ. ಹೆಡ್‌ಫೋನ್ ತೆಗೆದು, "ಮೇಷ್ಟ್ರು ಹೇಳಿದ್ದೇ ಸರಿ" ಎಂದ. ಪ್ರತಿ ಭಾನುವಾರವೂ ಅದನ್ನೇ ಹೇಳುತ್ತಿದ್ದ.

ಐದಕ್ಕೆ ಅವರಿಬ್ಬರೂ ಹೊರಟರು. ಮೇಷ್ಟ್ರು ಮೆಟ್ಟಿಲು ಇಳಿದರು. ಸುಚಿಂಗ್ ಲೋಟಗಳನ್ನು ಎತ್ತುತ್ತಿದ್ದಾಗ ಹಿಂದೆ ಪುಸ್ ಎಂಬ ಸದ್ದಾಯಿತು. ತಿರುಗಿದಳು. ವಾನ್‌ಲಾಯ್‌ನ ಕೈಯಲ್ಲಿ ಹಸಿರು ಪೊಟ್ಟಣ ಚಪ್ಪಟೆಯಾಗಿತ್ತು.

"ತಿಂದ್ಯಾ?"

ಲೋಟಗಳನ್ನು ಕೆಳಗಿಟ್ಟಳು. "ಹೂಂ."

"ಹೇಗಿತ್ತು?"

"ಗಮನ ಇರ್ಲಿಲ್ಲ ರೀ."

ಅವನು ಪೊಟ್ಟಣವನ್ನು ನಾಲ್ಕು ಮಡಿಕೆ ಮಡಿಸಿದ. ಇಸ್ತ್ರಿ ಮಾಡಿದ ಅಂಚನ್ನು ಬೆರಳಲ್ಲಿ ಸವರಿದ. "ಈ ಡಬ್ಬಿ ಹಾಡಿದ ಮೇಲೆ ಬೆಚ್ಚಗಾಗುತ್ತೆ. ನಾನು ನಡೆದು ಬಂದು ದಿನಾ ಮುಟ್ಟಿ ನೋಡ್ತೀನಿ. ಆಗಷ್ಟೇ ಇಟ್ಟ ಮೊಟ್ಟೆ ಥರ ಇರುತ್ತೆ. ಒಂದು ವರ್ಷದಿಂದ ಗೊತ್ತು ಕಣೇ."

ಸುಚಿಂಗಳಿಗೆ ಬೀಗದ ಸದ್ದು ಆಗಲೇ ಕೇಳಿಸಿತು. "ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬಿಟ್ಟುಬಿಡ್ತಿದ್ದೆ." ಅವನು ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ಇಳಿಸಿದ. "ನನಗೆ ಕೇಳಿಸಲ್ಲ. ಇಪ್ಪತ್ತೆಂಟು ವರ್ಷ ಕಬ್ಬಿಣದ ಮೇಲೆ ಕಬ್ಬಿಣ ಬಡಿದ ಸದ್ದು ಈ ಕಿವೀಲಿ. ಸಣ್ಣ ಸದ್ದುಗಳೆಲ್ಲ ಯಾವಾಗಲೋ ಹೋಗಿವೆ ಅಂದ್ರು ಕಿವಿ ಡಾಕ್ಟ್ರು. ಪಿಟೀಲೇ ಸರಿಯಾಗಿ ಕೇಳಲ್ಲ, ಇನ್ನು ಪುಟ ತಿರುವೋದು ಎಲ್ಲಿ ಬಂತು. ಒಳ್ಳೇ ಡಬ್ಬಿ ತಂದ್ರೆ ಕೇಳೀತೇನೋ ಅಂತ ಒಂದಾದ ಮೇಲೆ ಒಂದು ತಂದೆ. ದೀಪ ಹತ್ತುತ್ತೆ. ಅದನ್ನ ನೋಡಿ ತಲೆ ಆಡಿಸ್ತೀನಿ."

ಸುಚಿಂಗ್ ಅವನ ಪಕ್ಕ ಕೂತಳು. ಟೀವಿ ಯಾಕೆ ಅಷ್ಟು ಜೋರು, ಅಡುಗೆಮನೆಯಿಂದ ಕರೆದರೆ ಯಾಕೆ ಬರುವುದಿಲ್ಲ ಎಂದು ಇಷ್ಟು ವರ್ಷ ಬೈದದ್ದೆಲ್ಲ ನೆನಪಾಯಿತು. ಬೈದದ್ದೂ ಅವನಿಗೆ ಪೂರ್ತಿ ಕೇಳಿರಲಿಕ್ಕಿಲ್ಲ ಎಂದು ಸ್ವಲ್ಪ ಸಮಾಧಾನವೂ ಆಯಿತು.

"ಅದಕ್ಕೇ ಒಂದು ಯೋಚನೆ ಮಾಡಿದೀನಿ" ಎಂದ ಅವನು. ಮುಖ ಹಬ್ಬದ ಹಾಗಿತ್ತು. "ನಾಳೆಯಿಂದ ನಾನು ನಡೆಯೋಕೆ ಹೋಗಲ್ಲ. ಹತ್ತು ಗಂಟೆಗೆ ನೀನು ಕೇಳು, ನಾನು ಪಕ್ಕದಲ್ಲೇ ಕೂತಿರ್ತೀನಿ. ಏನೇನು ಕೇಳಿಸುತ್ತೋ ಒಂದೊಂದೂ ಹೇಳ್ತಾ ಹೋಗು, ನಾನು ಬರ್ಕೊಳ್ತೀನಿ. ಬರೋ ಭಾನುವಾರ ಮೇಷ್ಟ್ರಿಗಿಂತ ಮೊದಲು ನಾನೇ ಕೇಳಿ, ನಾನೇ ಮೊದಲು ಹೇಳಿಬಿಡ್ತೀನಿ."

"ದಿನಾನಾ?"

"ದಿನಾ. ಇಷ್ಟು ದಿನ ಪಾಪ, ನೀನು ಕದ್ದು ಒಬ್ಬಳೇ ಕೂತು ಕೇಳ್ದೆ. ಇನ್ನು ಮುಂದೆ ಒಬ್ಬಳೇ ಇರ್ಬೇಕಾಗಿಲ್ಲ."

ಬೀಗ ಬೀಳಲಿಲ್ಲ. ಆದರೆ ಗಂಟೆ ಹೋಯಿತು. ನಾಳೆ ಎರಡನೇ ಚರಣದ ಮುಂಚಿನ ಆ ಉಸಿರು ಬರುತ್ತದೆ, ಅದೇ ಹೊತ್ತಿಗೆ ಭುಜ ತಟ್ಟಿ "ಈಗೇನು ಬಂತು?" ಎಂಬ ಪ್ರಶ್ನೆಯೂ ಬರುತ್ತದೆ. ಬೇಡ ಎನ್ನಬಹುದಿತ್ತು. ಆದರೆ ಅವನು ಆಗಲೇ ಡ್ರಾಯರಿನಿಂದ ಒಂದು ಹೊಸ ನೋಟುಬುಕ್ಕು ತೆಗೆದು, ಮೊದಲ ಪುಟದ ಮೇಲೆ ನೆಟ್ಟಗೆ ಗೆರೆ ಎಳೆಯುತ್ತಿದ್ದ.

"ಆಯ್ತು" ಎಂದಳು. ಅಂಥ ಬೇಸರವೇನೂ ಆಗಲಿಲ್ಲ. ಎದ್ದು ಲೋಟ ತೊಳೆಯಲು ಹೋದಳು.

ನೀರಿನ ಸದ್ದಿನ ನಡುವೆ ಅವಳು ಒಂದು ಮಾತು ನಿಶ್ಚಯಿಸಿದಳು. ಆ ಉಸಿರಿನ ವಿಷಯ ಅವನಿಗೆ ಹೇಳುವುದಿಲ್ಲ. ಅದರ ಬದಲು, ದೂರದಲ್ಲಿ, ಬಲಗಡೆ, ಯಾರೋ ಕೊಳಲು ಊದುತ್ತಿದ್ದಾರೆ ಎಂದು ಬರೆಸುತ್ತಾಳೆ. ಆ ಹಾಡಿನಲ್ಲಿ ಕೊಳಲು ಇರಲೇ ಇಲ್ಲ. ಭಾನುವಾರ ಮೇಷ್ಟ್ರಿಗೆ ಅದು ಕೇಳಿಸುತ್ತದೆ, ಡಾಕ್ಟರ್ ಕೋಗೆ ಊದುವವನ ಒಣಗಿದ ತುಟಿಯೂ ಕೇಳಿಸುತ್ತದೆ.

"ಏನು ನಗ್ತಿದೀಯ?" ಎಂದು ವಾನ್‌ಲಾಯ್ ಕೇಳಿದ.

"ಏನಿಲ್ಲ" ಎಂದು ಸುಚಿಂಗ್ ಕೊನೆಯ ಲೋಟವನ್ನು ಬೋರಲು ಹಾಕಿದಳು.