ಕರಿಕೆಯ ಕ್ಷೇಮ ಸಮಾಚಾರ

ಸುಳ್ಳು ಹೇಳುವುದು ಅಂಥ ಕಷ್ಟದ ಕೆಲಸವಲ್ಲ. ಹೇಳಿದ ಸುಳ್ಳನ್ನು ಸಾಕುವುದೇ ಕಷ್ಟ. ನಾನು ಒಂದೇ ಒಂದು ಸುಳ್ಳು ಸಾಕಿದೆ. ಅದಕ್ಕಾಗಿ ಒಂದು ಬೇಸಿಗೆಯ ಆರಂಭದಲ್ಲಿ ಹೆಗಲ ಮೇಲೆ ಹೊತ್ತ ನೀರಿನ ಕೊಡಗಳನ್ನು ನೆನೆದರೆ ಇಂದಿಗೂ ಕುತ್ತಿಗೆ ಹಿಡಿದುಕೊಳ್ಳುತ್ತದೆ.

ಆಗ ನಾನು ಕುಷ್ಟಗಿಯ ತಹಸೀಲ ಕಚೇರಿಯಲ್ಲಿ ಗುಮಾಸ್ತ. ನಿಜಾಮರ ಆಳಿಕೆಯ ಕಾಲ, ದಫ್ತರವೆಲ್ಲ ಉರ್ದುವಿನಲ್ಲಿ. ಮದುವೆಯಾಗಿ ನನ್ನ ಹೆಂಡತಿ ಪಾರವ್ವ ಹನುಮನಹಳ್ಳಿಯಿಂದ ನಮ್ಮ ಮನೆಗೆ ಬಂದ ದಿನ, ಚಕ್ಕಡಿಯಿಂದ ಇಳಿಯುವ ಮೊದಲು ಒದ್ದೆ ಅರಿವೆಯ ಗಂಟೊಂದನ್ನು ನನ್ನ ಕೈಗೆ ಕೊಟ್ಟಳು. ಬಂಗಾರವೇ ಇರಬೇಕೆಂದು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬಿಚ್ಚಿ ನೋಡಿದರೆ ಕರಿಕೆ ಹುಲ್ಲು! ಬೇರಿನ ಸುತ್ತ ಹೊಳೆದಂಡೆಯ ಮಣ್ಣು ಬೇರೆ. “ನಿಮ್ಮೂರಾಗ ಕಣ್ಣಿಗೆ ಹಸರು ಕಾಣಂಗಿಲ್ಲ ಅಂತ ನಮ್ಮಣ್ಣ ಹೇಳಿದ್ದ. ಅದಕ್ಕ ತಂದೇನಿ,” ಎಂದಳು. ಅವಳು ಹುಟ್ಟಿ ಬೆಳೆದದ್ದು ತುಂಗಭದ್ರೆಯ ದಂಡೆಯ ಮೇಲೆ. ನಮ್ಮದೋ ಎರೆಮಣ್ಣು, ಜಾಲಿಮುಳ್ಳು ಮತ್ತು ಉಪ್ಪುನೀರಿನ ಬಾವಿ.

ಅದನ್ನು ಅವಳು ಅಂಗಳದಲ್ಲಿ ನೆಟ್ಟಳು. ಪಕ್ಕದ ಮನೆಯ ಶರಣಪ್ಪ ಕಾಕಾ ನೋಡಿ ಹಣೆ ಹಣೆ ಬಡಿದುಕೊಂಡರು. ಎರೆಹೊಲದ ಒಕ್ಕಲಿಗನಿಗೆ ಕರಿಕೆಗಿಂತ ದೊಡ್ಡ ವೈರಿ ಇಲ್ಲ. ಅದನ್ನು ಅಗೆದು ತೆಗೆಯುವುದರಲ್ಲೇ ಅವರ ಅರ್ಧ ಆಯುಷ್ಯ ಹೋಗಿತ್ತು. “ತಂಗೀ, ಮಂದಿ ಇದನ್ನ ಕಿತ್ತು ಒಗೀತಾರ. ನೀ ಗಂಟು ಕಟ್ಟಿಕೊಂಡು ತಂದೀ ಏನವ?” ಎಂದರು. ಪಾರವ್ವ ನಕ್ಕು ಅದರ ಮೇಲೆ ಒಂದು ಕೊಡ ನೀರು ಸುರಿದಳು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನಾಲ್ಕು ಜನ ಕೂತು ಊಟ ಮಾಡುವಷ್ಟು ಹುಲ್ಲುಹಾಸು ಹಬ್ಬಿತು. ಸಂಜೆ ಕೆಲಸ ಮುಗಿಸಿ ಅವಳು ಅದರ ಮೇಲೆ ಬರಿಗಾಲಲ್ಲಿ ನಾಲ್ಕು ಹೆಜ್ಜೆ ಹಾಕುತ್ತಿದ್ದಳು. ಆಗ ತವರಿನ ನೆನಪಾಗುತ್ತಿತ್ತೋ, ತವರು ಮರೆಯುತ್ತಿತ್ತೋ, ನಾನು ಕೇಳಲಿಲ್ಲ. ಕೇಳುವುದು ನನಗೆ ಮೊದಲಿನಿಂದಲೂ ಕಡಿಮೆ.

ದೀಪಾವಳಿ ಮುಗಿದ ಮೇಲೆ ಚೊಚ್ಚಲ ಹೆರಿಗೆಗೆಂದು ಅವಳ ಅಣ್ಣ ಬಂದು ಕರೆದುಕೊಂಡು ಹೋದ. ಹೋಗುವಾಗ ಅವಳು ನನಗೆ ಹೇಳಿದ್ದು ಒಂದೇ ಮಾತು: “ದಿನಾ ಒಂದ್ ಕೊಡ ನೀರು ಹಾಕ್ರಿ. ಕೂಸಿನ ಕರಕೊಂಡು ಬಂದು ಅದರ ಮ್ಯಾಲೇ ಅಂಬೆಗಾಲು ಇಡಸ್ತೀನಿ.” ನಾನು ಹೂಂ ಅಂದೆ. ಮೊದಲ ವಾರ ದಿನಾ ಹಾಕಿದೆ. ಎರಡನೆಯ ವಾರ ದಿನ ಬಿಟ್ಟು ದಿನ. ಆಮೇಲೆ ಸೋಮವಾರಕ್ಕೊಮ್ಮೆ ಎಂದು ನೇಮ ಮಾಡಿಕೊಂಡೆ. ಸೋಮವಾರ ಕಚೇರಿಯಲ್ಲಿ ಕೆಲಸ ಹೆಚ್ಚೆಂದು ಆ ನೇಮವನ್ನೂ ಬಿಟ್ಟೆ. ಹುಲ್ಲು ಮೊದಲು ಹಳದಿಯಾಯಿತು, ಆಮೇಲೆ ಬಿಳಿಚಿತು, ಕಡೆಗೆ ಹಳೆಯ ಕಸಬರಿಗೆಯ ಬಣ್ಣಕ್ಕೆ ಬಂದು ನಿಂತಿತು.

ಸಂಕ್ರಾಂತಿಯ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿದ ಸುದ್ದಿ ಬಂತು. ಎರಡು ದಿನದ ರಜೆ ಪಡೆದು ಓಡಿದೆ. ಕೂಸು ನನ್ನ ಹೆಬ್ಬೆರಳು ಹಿಡಿದುಕೊಂಡಿತು. ಅದನ್ನು ನೋಡುತ್ತ ನಾನು ಮೈಮರೆತಿದ್ದಾಗ ಪಾರವ್ವ ಮೆಲ್ಲಗೆ, “ಹುಲ್ಲು ಹೆಂಗೈತ್ರಿ?” ಎಂದಳು. ಬಾಣಂತಿಗೆ ಹಸಿರು ಸತ್ತಿದೆ ಎಂದು ಹೇಗೆ ಹೇಳಲಿ? “ಛಲೋ ಐತಿ,” ಎಂದುಬಿಟ್ಟೆ. ಹಾಗೆ ಹುಟ್ಟಿತು ನನ್ನ ಸುಳ್ಳು, ಕೂಸಿಗಿಂತ ಎಂಟು ದಿನ ಚಿಕ್ಕದು.

ಯುಗಾದಿಗೆ ಬರುತ್ತೇನೆಂದು ಅವಳು ಹೇಳಿ ಕಳಿಸಿದಳು. ನಾನು ಪಕ್ಕದ ಮನೆಗೆ ಓಡಿದೆ. ಶರಣಪ್ಪ ಕಾಕಾರ ಕಾಲು ಹಿಡಿಯುವುದೊಂದು ಬಾಕಿ. ಅವರು ಅಂಗಳಕ್ಕೆ ಬಂದು, ಒಣಗಿದ ಹುಲ್ಲನ್ನು ಕಾಲಿನಿಂದ ಕೆದರಿದರು. “ಅಲ್ರೀ ಗುಮಾಸ್ತರ, ನಮ್ಮಪ್ಪ ನಲವತ್ತು ವರ್ಷ ಇದನ್ನ ಕೊಲ್ಲಾಕ ನೋಡಿದ. ನಾ ಮೂವತ್ತು ವರ್ಷ ನೋಡೇನಿ. ನೀವು ಮೂರು ತಿಂಗಳದಾಗ ಹೆಂಗ್ ಕೊಂದ್ರಿ? ನಮ್ಮ ಹೊಲಕ್ಕ ಒಂದ್ಸಲ ಬಂದು ಹೋಗ್ರಿ,” ಎಂದರು. ಆಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. “ಭೂಮಿಗೆ ಕಸುವು ಇಲ್ಲ. ಕುರಿ ನಿಲ್ಲಿಸ್ರಿ,” ಎಂದರು.

ಸುಗ್ಗಿ ಮುಗಿದ ಹೊಲಗಳಲ್ಲಿ ಕುರುಬರು ಹಿಂಡನ್ನು ರಾತ್ರಿ ತಂಗಿಸುವುದು ನಮ್ಮ ಕಡೆಯ ಪದ್ಧತಿ. ಬೆಳಗಾದರೆ ಹೊಲದ ತುಂಬ ಹಿಕ್ಕೆಯ ಗೊಬ್ಬರ, ಹೊಲದವನು ಕುರುಬನಿಗೆ ಜೋಳ ಕೊಡುತ್ತಾನೆ. ನಾನು ಕುರುಬರ ಬೀರಪ್ಪನನ್ನು ಕರೆದುಕೊಂಡು ಬಂದು ಹುಲ್ಲುಹಾಸು ತೋರಿಸಿದೆ. ಅವನು ಸುತ್ತಲೂ ನೋಡಿ, “ಹೊಲ ಎಲ್ಲೈತ್ರಿ?” ಎಂದ. ಇದೇ ಹೊಲ ಎಂದೆ. “ಇಷ್ಟರಾಗ ನನ್ನ ಕುರಿ ಹೊಳ್ಳಾಕೂ ಜಾಗಿಲ್ಲರೀ,” ಎಂದು ನಕ್ಕು, ಕಡೆಗೆ ಹನ್ನೆರಡು ಕುರಿ ಬಿಟ್ಟುಹೋದ. ಅವು ಒಂದು ರಾತ್ರಿ ನಮ್ಮ ಅಂಗಳದಲ್ಲಿ ಬೀಗರ ಹಾಗೆ ಉಳಿದವು. ಬೆಳಿಗ್ಗೆ ಎದ್ದು ನೋಡಿದರೆ ಹಿಕ್ಕೆಯೇನೋ ಧಾರಾಳವಾಗಿ ಬಿದ್ದಿತ್ತು, ಆದರೆ ಒಣಹುಲ್ಲಿನ ಕಡ್ಡಿಯೂ ಉಳಿದಿರಲಿಲ್ಲ. ಹಗ್ಗದ ಮೇಲಿದ್ದ ನನ್ನ ಧೋತರದ ಒಂದು ಅಂಚೂ ಇರಲಿಲ್ಲ. ಆ ಧೋತರವನ್ನೇ ಒಳಮಡಿಚಿ ಉಟ್ಟುಕೊಂಡು ಕಚೇರಿಗೆ ಹೋದೆ.

ಹಸಿ ಗೊಬ್ಬರಕ್ಕೆ ನೀರು ಕಡಿಮೆಯಾದರೆ ಬೇರು ಸುಟ್ಟುಹೋಗುತ್ತದೆ ಎಂದು ಕಾಕಾ ಹೆದರಿಸಿದ್ದರು. ದಿನಾ ಬೆಳಿಗ್ಗೆ ಬಾವಿಯಿಂದ ಆರು ಕೊಡ ಹೊರುವುದು ನನ್ನ ಪಾಲಿಗೆ ಬಂತು. ಊರಿನ ಉಪ್ಪುಬಾವಿ ಆಗದೆಂದು ದೂರದ ಸಿಹಿನೀರಿನ ಬಾವಿಗೇ ಹೋಗಬೇಕು. ಅಲ್ಲಿ ಹೆಣ್ಣುಮಕ್ಕಳು ನನ್ನನ್ನು ಕಂಡೊಡನೆ, “ದಾರಿ ಬಿಡ್ರವ್ವ, ಸರಕಾರಿ ಸವಾರಿ ಬಂತು,” ಎಂದು ಸೆರಗಿನ ಮರೆಯಲ್ಲಿ ನಗುತ್ತಿದ್ದರು. ನಾನು ಗಂಭೀರವಾಗಿ ಕೊಡ ಎತ್ತುತ್ತಿದ್ದೆ, ಅರ್ಧ ನೀರು ಬೆನ್ನ ಮೇಲೇ ಸುರಿಯುತ್ತಿತ್ತು. ಇಷ್ಟೆಲ್ಲ ಮಾಡುತ್ತ ಅವಳಿಗೆ ಕಾಗದಗಳನ್ನೂ ಬರೆಯುತ್ತಿದ್ದೆ. ಪಾರವ್ವನಿಗೆ ಓದು ಬರುತ್ತಿರಲಿಲ್ಲ, ಅಣ್ಣ ಓದಿ ಹೇಳುತ್ತಿದ್ದ. ಮೊದಲ ಕಾಗದದಲ್ಲಿ ಹುಲ್ಲು ಚೆನ್ನಾಗಿದೆ ಎಂದು ಬರೆದೆ, ಎರಡನೆಯದರಲ್ಲಿ ಬಹಳ ಚೆನ್ನಾಗಿದೆ ಎಂದು. ಮೂರನೆಯದನ್ನು ಬರೆಯುವ ಹೊತ್ತಿಗೆ ನಿಜವಾಗಿಯೂ ಅಂಗಳದಲ್ಲಿ ಹಸಿರು ಮೊಳೆತಿತ್ತು. ಆ ಸಂತೋಷಕ್ಕೆ ಒಂದಲ್ಲ, ಎರಡು ಪುಟ ಬರೆದೆ.

ಯುಗಾದಿಯ ಹಿಂದಿನ ದಿನ ಶರಣಪ್ಪ ಕಾಕಾರನ್ನು ಕೈಹಿಡಿದು ಕರೆತಂದು ತೋರಿಸಿದೆ. ಅವರು ಬಗ್ಗಿ ಒಂದು ಚಿಗುರನ್ನು ಕಿತ್ತು ನನ್ನ ಅಂಗೈ ಮೇಲಿಟ್ಟರು. ಸಣ್ಣ ಸಣ್ಣ ಎಲೆ, ಬುಡದಲ್ಲಿ ಎರಡು ಎಳೆ ಮುಳ್ಳು. “ಕುರಿ ಜಾಲಿಕಾಯಿ ತಿಂದಿದ್ವು. ಬೀಜ ಹಿಕ್ಕಿಯೊಳಗ ಬಂದೈತಿ. ನೀವು ದಿನಾ ಸಿಹಿನೀರು ಹಾಕಿ ಜಾಲಿ ಬೆಳಿಸೀರಿ,” ಎಂದರು.

ನನ್ನ ಮಗಳು ಅಂಬೆಗಾಲಿಡಬೇಕಾದ ಜಾಗದಲ್ಲಿ ನಾನು ಮುಳ್ಳು ಬಿತ್ತಿದ್ದೆ. ನಗು ಬರಲಿಲ್ಲ. ಧೋತರ ಮೇಲೆ ಕಟ್ಟಿಕೊಂಡು ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಸಸಿ ಕೀಳತೊಡಗಿದೆ. ಬೆರಳು ಚುಚ್ಚಿತು, ಸೊಂಟ ಹಿಡಿಯಿತು. ಒಂದು ಸಸಿಯ ಬೇರಿನ ಜೊತೆ ಬಿಳಿಯ ಗಂಟುಬಳ್ಳಿಯೊಂದು ಮೇಲೆ ಬಂತು. ಅದರ ತುದಿಯಲ್ಲಿ ಉಗುರಿನಷ್ಟು ಹಸಿರು. ಕರಿಕೆ! ಪಕ್ಕದಲ್ಲಿ ಇನ್ನೊಂದು, ಅದರಾಚೆ ಇನ್ನೊಂದು. ಕಣ್ಣಲ್ಲಿ ನೀರೇ ಬಂತು. ಆ ಸಡಗರದಲ್ಲಿ ಹಿಂದೆ ಚಕ್ಕಡಿ ನಿಂತದ್ದು ನನಗೆ ಕೇಳಿಸಲಿಲ್ಲ. ಹಬ್ಬಕ್ಕೆ ಮನೆಯಲ್ಲಿರಬೇಕೆಂದು ಪಾರವ್ವ ಹಿಂದಿನ ದಿನವೇ ಹೊರಟು ಬಂದಿದ್ದಳು. ತಿರುಗಿ ನೋಡಿದರೆ ಕೂಸನ್ನೆತ್ತಿಕೊಂಡು ಅಂಗಳದ ಬಾಗಿಲಲ್ಲಿ ನಿಂತಿದ್ದಾಳೆ.

“ಪಾರವ್ವ, ನೋಡಿಲ್ಲಿ, ಹುಲ್ಲು ಬದುಕೇತಿ!” ಎಂದೆ, ಮಣ್ಣುಗೈ ಚಾಚಿ.

ಅವಳು ಬೋಳು ಅಂಗಳವನ್ನೂ ಕಿತ್ತ ಜಾಲಿಯ ರಾಶಿಯನ್ನೂ ನೋಡಿದಳು. ಸಿಟ್ಟು ಬರುತ್ತದೆಂದು ಕಾಯುತ್ತಿದ್ದೆ. ನಕ್ಕುಬಿಟ್ಟಳು. “ಮೊದಲನೇ ಕಾಗದದಾಗ ಛಲೋ ಐತಿ ಅಂತ ಬರದಿದ್ರಿ, ನಂಬಿದೆ. ಎರಡನೇದ್ದರಾಗ ಭಾಳ ಛಲೋ ಐತಿ ಅಂದ್ರಿ. ಅವತ್ತೇ ನನಗ ತಿಳೀತು, ಒಣಗಿ ಹೋಗೇತಿ ಅಂತ.”

“ತಿಳಿದೂ ಸುಮ್ಮನಿದ್ದೀ?”

“ಏನ್ ಮಾಡ್ಲಿ? ಮೂರು ಕಾಗದ ಬಂದ್ವು. ಮೂರರಾಗೂ ಹುಲ್ಲಿನ ಸುದ್ದಿ. ಅಣ್ಣ ಓದಿ ಮುಗಿಸಿದ ಮ್ಯಾಲೆ ನಾ ಕೇಳತಿದ್ದೆ, ನಾ ಹೆಂಗದೀನಿ ಅಂತ ಎಲ್ಲೆರ ಕೇಳ್ಯಾರೇನು ನೋಡಪ್ಪ ಅಂತ. ಅವ ಕಾಗದ ತಿರುವಿ ಹಿಂದೂ ನೋಡತಿದ್ದ.”

ಮಣ್ಣುಗೈಯನ್ನು ಧೋತರಕ್ಕೆ ಒರೆಸಿಕೊಂಡು, “ಈಗ ಕೇಳ್ತೀನಿ. ಹೆಂಗದೀ?” ಎಂದೆ.

“ಛಲೋ ಅದೀನಿ,” ಎಂದು ಕೂಸನ್ನು ನನ್ನ ತೋಳಿಗೆ ಕೊಟ್ಟು, ಸ್ವಲ್ಪ ತಡೆದು, “ನೀವು ಕಾಗದದಾಗ ಬರದ ಹುಲ್ಲಿನಂಗ,” ಎಂದಳು.

ಆಗ ಅವಳ ಮುಖವನ್ನು ನೋಡಿದೆ. ಕೆನ್ನೆ ಇಳಿದುಹೋಗಿತ್ತು, ಕಣ್ಣ ಕೆಳಗೆ ಕಪ್ಪಾಗಿತ್ತು. ಅವಳು ಬಾಗಿಲಲ್ಲಿ ನಿಂತು ಇಷ್ಟು ಹೊತ್ತಾಗಿತ್ತು, ನಾನು ಇನ್ನೂ ‘ಒಳಗೆ ಬಾ’ ಎಂದಿರಲಿಲ್ಲ.